ಲ್ಯಾಪುನೋವ್ ಘಾತಾಂಕ ಧನಾತ್ಮಕ ಬಂದಿದೆ, ಹಾಗಾದರೆ ಈ ದತ್ತಾಂಶ ಕೇಯಾಟಿಕ್ ಎನ್ನಬಹುದೇ?

ಕಂಪನಲಿಪಿ

ನಮಸ್ಕಾರ. ತಿರುಗುವ ಶಾಫ್ಟ್ ಒಂದರ ಬೇರಿಂಗ್ ಮೇಲೆ ಕೂರಿಸಿದ ಕಂಪನ ಸೆನ್ಸರ್‌ನ ದತ್ತಾಂಶ ಇದೆ. ಸೆಕೆಂಡಿಗೆ 1000 ಸ್ಯಾಂಪಲ್, ಒಟ್ಟು 8000 ಬಿಂದು. ಶಾಫ್ಟ್ ವೇಗ ಸೆಕೆಂಡಿಗೆ 25 ಸುತ್ತು. 10ರಿಂದ 100 ಹರ್ಟ್ಸ್‌ವರೆಗಿನ ಬಟರ್‌ವರ್ತ್ ಬ್ಯಾಂಡ್‌ಪಾಸ್ ಫಿಲ್ಟರ್ ಹಾಯಿಸಲಾಗಿದೆ. ಪೈಥಾನ್ ಪ್ಯಾಕೇಜಿನಲ್ಲಿ ವಿಳಂಬ 1, ಎಂಬೆಡಿಂಗ್ ಆಯಾಮ 10 ಇಟ್ಟು (ಅಂದರೆ ಒಂದೊಂದು ಸ್ಯಾಂಪಲ್ ಅಂತರದ 10 ಮೌಲ್ಯಗಳನ್ನು ಒಂದು ವೆಕ್ಟರ್ ಮಾಡಿ) ರೋಸೆನ್‌ಸ್ಟೈನ್ ವಿಧಾನ ಓಡಿಸಿದಾಗ ಗರಿಷ್ಠ ಲ್ಯಾಪುನೋವ್ ಘಾತಾಂಕ (ಹತ್ತಿರದ ಎರಡು ಸ್ಥಿತಿಗಳು ದೂರ ಸರಿಯುವ ಘಾತೀಯ ವೇಗ) ಪ್ರತಿ ಸ್ಯಾಂಪಲಿಗೆ 0.043 ಬಂತು. ಕೋರಿಲೇಶನ್ ಆಯಾಮ (ಬಿಂದುಗಳು ತುಂಬುವ ಆಕೃತಿಯ ಆಯಾಮದ ಅಂದಾಜು) 4.3.

ಮೂರು ಪ್ರಶ್ನೆಗಳು. ಇದನ್ನು ಕೇಯಾಸ್ (ನಿಯಮಬದ್ಧವಾಗಿದ್ದರೂ ದೀರ್ಘಕಾಲ ಮುನ್ಸೂಚಿಸಲಾಗದ ವರ್ತನೆ) ಎಂದು ಬರೆಯಬಹುದೇ? ಅದೇ ಕೋಡ್ ಅನ್ನು ಕೇಯಾಸ್‌ಗೆ ಹೆಸರಾದ ಲೊರೆಂಟ್ಸ್ ವ್ಯವಸ್ಥೆಯ ಮೇಲೆ ಓಡಿಸಿದರೆ ಸುಮಾರು 0.9 ಬರುತ್ತದೆ, ಆದರೆ ರೋಸೆನ್‌ಸ್ಟೈನ್ ಅವರ ಮೂಲ ಪ್ರಬಂಧದ ಪಟ್ಟಿಯಲ್ಲಿ 1.5 ಇದೆ. ಕೋಡ್ ತಪ್ಪೇ? ಮತ್ತೆ, ಈ ವಿಷಯವನ್ನು ಬುಡದಿಂದ ಯಾವ ಕ್ರಮದಲ್ಲಿ ಕಲಿಯಬೇಕು?

ನೆರೆಬಿಂದು

ಎರಡನೆಯದಕ್ಕೆ ಮೊದಲು ಉತ್ತರ, ಏಕೆಂದರೆ ಅದು ಬೇಗ ಮುಗಿಯುತ್ತದೆ. ನಿಮ್ಮ ಕೋಡ್ ಸರಿಯಾಗಿಯೇ ಇದೆ, ಹೋಲಿಸಿದ ಸಂಖ್ಯೆ ಬೇರೆ ವ್ಯವಸ್ಥೆಯದು.

1963ರ ಲೊರೆಂಟ್ಸ್ ಸಮೀಕರಣಗಳ ಪ್ರಸಿದ್ಧ ನಿಯತಾಂಕಗಳು 10, 28, 8/3. ಅವಕ್ಕೆ ಗರಿಷ್ಠ ಘಾತಾಂಕ ಸುಮಾರು 0.906. ಆದರೆ 1985ರ ವುಲ್ಫ್ ಮತ್ತು ಸಂಗಡಿಗರ ಪ್ರಬಂಧ ಹಾಗೂ 1993ರ ರೋಸೆನ್‌ಸ್ಟೈನ್ ಪ್ರಬಂಧ ಬಳಸಿದ್ದು 16, 45.92, 4. ಅವಕ್ಕೆ ಉತ್ತರ 1.50. ಇನ್ನೂ ಒಂದು ಬಲೆ ಇದೆ: ವುಲ್ಫ್ ಪ್ರಬಂಧದಲ್ಲಿ ಅದೇ ಮೌಲ್ಯ 2.16 ಎಂದು ಕಾಣುತ್ತದೆ, ಏಕೆಂದರೆ ಅಲ್ಲಿ ಲಾಗ್‌ನ ಆಧಾರ 2, ಉತ್ತರ ಬಿಟ್‌ಗಳಲ್ಲಿ. 2.16 ಅನ್ನು 0.693ರಿಂದ ಗುಣಿಸಿದರೆ 1.50 ಸಿಗುತ್ತದೆ. ಯಾವುದೇ ಘಾತಾಂಕ ಬರೆಯುವಾಗ ಲಾಗ್‌ನ ಆಧಾರ, ಕಾಲದ ಏಕಮಾನ (ಸ್ಯಾಂಪಲಿಗೋ, ಸೆಕೆಂಡಿಗೋ, ಸುತ್ತಿಗೋ), ನಿಯತಾಂಕ, ಈ ಮೂರನ್ನೂ ಪಕ್ಕದಲ್ಲೇ ಬರೆಯಿರಿ. ಇಲ್ಲದಿದ್ದರೆ ಆ ಸಂಖ್ಯೆಯಿಂದ ಯಾರಿಗೂ ಪ್ರಯೋಜನವಿಲ್ಲ.

ನಿಮ್ಮ 0.043 ಅನ್ನೇ ನೋಡಿ. ಸೆಕೆಂಡಿಗೆ ಬದಲಾಯಿಸಿದರೆ 43. ಒಂದು ಸುತ್ತು 40 ಸ್ಯಾಂಪಲ್, ಹಾಗಾಗಿ ಸುತ್ತಿಗೆ 1.72. ಅಂದರೆ ಒಂದೇ ಸುತ್ತಿನಲ್ಲಿ ಅಂತರ ಐದೂವರೆ ಪಟ್ಟು ಬೆಳೆಯಬೇಕು. ಬಹುತೇಕ ಏಕತಾಳದಲ್ಲಿ ತಿರುಗುವ ಯಂತ್ರಕ್ಕೆ ಇದು ಅನುಮಾನ ಹುಟ್ಟಿಸುವಷ್ಟು ದೊಡ್ಡದು. ಕಾರಣ ವಿಳಂಬ 1 ಎಂಬಲ್ಲಿದೆ, ಅದನ್ನು ಮುಂದೆ ಬರೆಯುತ್ತೇನೆ.

ಕವಲುದಾರಿ

ಕಲಿಕೆಯ ಕ್ರಮದ ಬಗ್ಗೆ. ದತ್ತಾಂಶಕ್ಕೆ ಕೈ ಹಾಕುವ ಮೊದಲು ಉತ್ತರ ಗೊತ್ತಿರುವ ವ್ಯವಸ್ಥೆಗಳ ಮೇಲೆ ಕೈ ಪಳಗಬೇಕು. ಇದನ್ನು ಬಿಟ್ಟು ನೇರ ಪ್ಯಾಕೇಜಿಗೆ ಹೋದವರು ಎಲ್ಲ ಕಡೆ ಕೇಯಾಸ್ ಕಾಣುತ್ತಾರೆ.

ಶುರು ಲಾಜಿಸ್ಟಿಕ್ ಮ್ಯಾಪ್‌ನಿಂದ: ಮುಂದಿನ ಎಕ್ಸ್ = ಆರ್ × ಎಕ್ಸ್ × (1 − ಎಕ್ಸ್). ಸ್ಥಿರ ಬಿಂದು 1 − 1/ಆರ್. ಆ ಬಿಂದುವಿನಲ್ಲಿ ಇಳಿಜಾರು 2 − ಆರ್, ಅದರ ಪರಿಮಾಣ 1ಕ್ಕಿಂತ ಕಡಿಮೆ ಇರುವವರೆಗೆ, ಅಂದರೆ ಆರ್ 1ರಿಂದ 3ರವರೆಗೆ, ಅದು ಸ್ಥಿರ. 3 ದಾಟಿದರೆ ಎರಡರ ಆವರ್ತ, 3.449ರಲ್ಲಿ ನಾಲ್ಕರ ಆವರ್ತ, ಹೀಗೆ ಕವಲೊಡೆಯುತ್ತಾ 3.5699ರ ಹತ್ತಿರ ಸರಣಿ ಮುಗಿಯುತ್ತದೆ. ಕವಲುಗಳ ನಡುವಿನ ಅಂತರಗಳ ಅನುಪಾತ 4.669ರ ಕಡೆ ಸಾಗುವುದನ್ನು ಕಾಗದ ಪೆನ್ಸಿಲ್ ಹಿಡಿದು ನೀವೇ ಲೆಕ್ಕ ಮಾಡಿ ನೋಡಿ. 3.828ರಲ್ಲಿ ಮೂರರ ಆವರ್ತದ ಕಿಟಕಿ ತೆರೆಯುತ್ತದೆ. ಕೇಯಾಸ್ ವಲಯದ ಒಳಗೂ ಶಿಸ್ತಿನ ಪಟ್ಟಿಗಳಿವೆ ಎಂಬುದು ಇಲ್ಲೇ ಮನಸ್ಸಿಗೆ ಇಳಿಯುತ್ತದೆ.

ಆಮೇಲೆ ಘಾತಾಂಕ. ಪ್ರತಿ ಹೆಜ್ಜೆಯಲ್ಲಿ ಆರ್ × (1 − 2ಎಕ್ಸ್) ಎಂಬುದರ ಪರಿಮಾಣದ ಸ್ವಾಭಾವಿಕ ಲಾಗ್ (ಆಧಾರ ಇ) ತೆಗೆದು ಸರಾಸರಿ ಮಾಡಿ. ಮೊದಲ 1000 ಹೆಜ್ಜೆ ಬಿಸಾಡಿ, ಮುಂದಿನ 10,000 ಹೆಜ್ಜೆ ಸಾಕು. ಆರ್ = 4ಕ್ಕೆ 0.693 ಬರಬೇಕು, ಅದು 2ರ ಲಾಗ್. ಆರಂಭಿಕ ಮೌಲ್ಯ 0.5 ಕೊಡಬೇಡಿ: ಅದು 1ಕ್ಕೆ ಹೋಗಿ 0ಯಲ್ಲಿ ಕೂರುತ್ತದೆ. 0.25 ಕೊಟ್ಟರೆ 0.75ಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ. ಎಕ್ಸ್ ಅನ್ನು ಎರಡು ಪಟ್ಟು ಮಾಡಿ ಪೂರ್ಣಾಂಕ ಕಳೆಯುವ ಮ್ಯಾಪ್ ಇನ್ನೂ ಅಪಾಯಕಾರಿ. ಪ್ರತಿ ಹೆಜ್ಜೆಗೆ ಒಂದು ಬೈನರಿ ಅಂಕಿ ಖಾಲಿಯಾಗುತ್ತಾ, ಡಬಲ್ ಪ್ರಿಸಿಶನ್‌ನ 53 ಬಿಟ್ ಮುಗಿಯುತ್ತಿದ್ದಂತೆ ಪಥ ಸೊನ್ನೆಗೆ ಬೀಳುತ್ತದೆ. ಗಣಿತದಲ್ಲಿ ಕೇಯಾಸ್, ಕಂಪ್ಯೂಟರಿನಲ್ಲಿ ಸೊನ್ನೆ.

ಇದೇ ಆರ್ = 4ರ ಸರಣಿಯ ಪವರ್ ಸ್ಪೆಕ್ಟ್ರಮ್ ತೆಗೆಯಿರಿ. ಚಪ್ಪಟೆ. ಆಟೋಕೋರಿಲೇಶನ್ ಸೊನ್ನೆ. ರೇಖೀಯ ಉಪಕರಣಗಳ ಕಣ್ಣಿಗೆ ಇದು ಬಿಳಿ ನಾಯ್ಸ್. ಈಗಿನ ಮೌಲ್ಯವನ್ನು ಮುಂದಿನ ಮೌಲ್ಯದ ಎದುರು ಚಿತ್ರಿಸಿದರೆ ಮಾತ್ರ ಅಚ್ಚುಕಟ್ಟಾದ ಪ್ಯಾರಬೋಲ ಎದ್ದು ಬರುತ್ತದೆ. ಈ ವಿಷಯ ಯಾಕೆ ಬೇಕು ಎಂಬ ಪ್ರಶ್ನೆಗೆ ಆ ಒಂದು ಚಿತ್ರವೇ ಉತ್ತರ.

ಮುಂದೆ ಹೆನೋನ್ ಮ್ಯಾಪ್ (ಎರಡು ಆಯಾಮದ್ದು, ನಿಯತಾಂಕ 1.4 ಮತ್ತು 0.3). ಘಾತಾಂಕಗಳು 0.419 ಮತ್ತು −1.623, ಮೊತ್ತ 0.3ರ ಲಾಗ್ ಆಗಲೇಬೇಕು, ಅಂದರೆ −1.204. ಆಮೇಲೆ ಲೊರೆಂಟ್ಸ್. ಸಮೀಕರಣ ಕೈಯಲ್ಲಿದ್ದಾಗ ಯಾಕೋಬಿಯನ್ (ಭಾಗಶಃ ಅವಕಲನಗಳ ಮ್ಯಾಟ್ರಿಕ್ಸ್) ಮತ್ತು ಕ್ಯೂಆರ್ ವಿಭಜನೆಯಿಂದ ಮೂರೂ ಘಾತಾಂಕ ತೆಗೆಯಿರಿ: 0.906, 0, −14.57. ಮೊತ್ತ −(10 + 1 + 8/3) = −13.667 ಬಾರದಿದ್ದರೆ ಕೋಡಿನಲ್ಲಿ ದೋಷವಿದೆ. ಮಧ್ಯದ್ದು ಸೊನ್ನೆಗೆ ಹತ್ತಿರ ಬಾರದಿದ್ದರೂ ದೋಷವಿದೆ. ಇಂಥ ಒಳತಪಾಸಣೆ ಅಳೆದ ದತ್ತಾಂಶದಲ್ಲಿ ಎಂದೂ ಸಿಗುವುದಿಲ್ಲ. ಹಾಗಾಗಿ ಸಿಗುವ ಕಡೆ ಚೆನ್ನಾಗಿ ಬಳಸಿಕೊಳ್ಳಿ.

ಗಣಿತ ಎಷ್ಟು ಬೇಕು? ಐಗನ್ ಮೌಲ್ಯ, ಯಾಕೋಬಿಯನ್, ಸಾಮಾನ್ಯ ಅವಕಲ ಸಮೀಕರಣ, ಫೂರಿಯೇ ಪರಿವರ್ತನೆ, ಪ್ರಾಕ್ಕಲ್ಪನಾ ಪರೀಕ್ಷೆ (ಹೈಪಾಥಿಸಿಸ್ ಟೆಸ್ಟಿಂಗ್). ಟೋಪಾಲಜಿ ಆಮೇಲೆ ಬಂದರೂ ನಡೆಯುತ್ತದೆ.

ನೆರೆಬಿಂದು

ಈಗ ವಿಳಂಬ 1ರ ಸಮಸ್ಯೆ.

1980ರಲ್ಲಿ ಪ್ಯಾಕರ್ಡ್ ಮತ್ತು ಸಂಗಡಿಗರು ಒಂದೇ ಅಳತೆಯಿಂದ ಇಡೀ ಫೇಸ್ ಸ್ಪೇಸಿನ (ವ್ಯವಸ್ಥೆಯ ಎಲ್ಲ ಸ್ಥಿತಿಗಳ ಅವಕಾಶದ) ಆಕಾರವನ್ನು ಮರಳಿ ಕಟ್ಟಬಹುದು ಎಂದು ತೋರಿಸಿದರು. 1981ರಲ್ಲಿ ಟಾಕೆನ್ಸ್ ಅದಕ್ಕೆ ಪ್ರಮೇಯ ಕೊಟ್ಟರು. 1991ರಲ್ಲಿ ಸಾವರ್, ಯಾರ್ಕ್, ಕಸ್ಡಾಗ್ಲಿ ಅದನ್ನು ಫ್ರ್ಯಾಕ್ಟಲ್ ಆಯಾಮಕ್ಕೆ ವಿಸ್ತರಿಸಿ, ಎಂಬೆಡಿಂಗ್ ಆಯಾಮ ಬಾಕ್ಸ್ ಆಯಾಮದ ಎರಡರಷ್ಟನ್ನು ಮೀರಿದರೆ ಸಾಕು ಎಂದರು. ಪ್ರಮೇಯದ ಪ್ರಕಾರ ಬಹುತೇಕ ಯಾವ ವಿಳಂಬವೂ ನಡೆಯುತ್ತದೆ, ಏಕೆಂದರೆ ಅಲ್ಲಿ ದತ್ತಾಂಶ ಅನಂತ, ನಾಯ್ಸ್ ಸೊನ್ನೆ. ನಿಮ್ಮ ಹತ್ತಿರ 8000 ಬಿಂದು ಇದೆ, ನಾಯ್ಸ್ ಇದೆ.

ವಿಳಂಬ 1, ಆಯಾಮ 10 ಎಂದರೆ ಒಂದು ವೆಕ್ಟರ್ ಆವರಿಸುವ ಕಾಲ 9 ಸ್ಯಾಂಪಲ್. ಅದು ಒಂದು ಸುತ್ತಿನ ಕಾಲುಭಾಗವೂ ಅಲ್ಲ. ಹತ್ತು ಅಕ್ಷಗಳಲ್ಲೂ ಬಹುತೇಕ ಒಂದೇ ಸಂಖ್ಯೆ, ಹಾಗಾಗಿ ಇಡೀ ಆಕೃತಿ ಕರ್ಣಕ್ಕೆ ಅಂಟಿಕೊಂಡ ತೆಳು ಕಡ್ಡಿಯಾಗುತ್ತದೆ. ಕರ್ಣಕ್ಕೆ ಅಡ್ಡಲಾಗಿ ಉಳಿಯುವ ಅಲ್ಪ ಜಾಗದಲ್ಲಿ ನಾಯ್ಸ್‌ನದೇ ಆಟ. ಎರಡು ನೆರೆಬಿಂದುಗಳು ಮೊದಲ ಕೆಲವೇ ಹೆಜ್ಜೆಗಳಲ್ಲಿ ನಾಯ್ಸ್ ಕಾರಣದಿಂದ ದೂರ ಸರಿಯುತ್ತವೆ. ಆ ನೆಗೆತಕ್ಕೆ ಸರಳರೇಖೆ ಹೊಂದಿಸಿದರೆ ಸಿಗುವುದು ನಿಮ್ಮ 0.043.

ಮಾಡಬೇಕಾದ್ದು: 1986ರ ಫ್ರೇಸರ್–ಸ್ವಿನ್ನಿ ಸೂಚನೆಯಂತೆ ಮ್ಯೂಚುವಲ್ ಇನ್‌ಫರ್ಮೇಶನ್‌ನ ಮೊದಲ ಕನಿಷ್ಠ ಬಿಂದು ಹುಡುಕಿ, ಅದೇ ವಿಳಂಬ; ಒಂದು ಮೌಲ್ಯ ಗೊತ್ತಿದ್ದರೆ ಅಷ್ಟು ಹೆಜ್ಜೆ ಆಚೆಯದರ ಬಗ್ಗೆ ಎಷ್ಟು ತಿಳಿಯುತ್ತದೆ ಎಂಬ ಅಳತೆ ಇದು. ಹಿಸ್ಟೋಗ್ರಾಮಿಗೆ ಪ್ರತಿ ಅಕ್ಷದಲ್ಲಿ 16ರಿಂದ 32 ಡಬ್ಬಿ ಇಡಿ. 8000 ಬಿಂದುವಿಗೆ 100 ಡಬ್ಬಿ ಇಟ್ಟರೆ 10,000 ಚೌಕಗಳಾಗಿ ಬಹುತೇಕ ಖಾಲಿ ಉಳಿಯುತ್ತವೆ, ವಕ್ರರೇಖೆ ನಡುಗುತ್ತದೆ, ಎಲ್ಲೆಲ್ಲೋ ಸುಳ್ಳು ಕನಿಷ್ಠಗಳು ಕಾಣುತ್ತವೆ. ನಿಮ್ಮಲ್ಲಿ ಹಾರ್ಮೋನಿಕ್‌ಗಳೂ ಇರುವುದರಿಂದ ಉತ್ತರ 5ರಿಂದ 10 ಸ್ಯಾಂಪಲ್ ನಡುವೆ ಬರಬಹುದು.

ಆಯಾಮಕ್ಕೆ ಸುಳ್ಳು ನೆರೆಬಿಂದು ವಿಧಾನ (ಕೆನೆಲ್, ಬ್ರೌನ್, ಅಬರ್ಬನೆಲ್, 1992). ಆಯಾಮ ಒಂದು ಹೆಚ್ಚಿಸಿದಾಗ ಅಂತರ 10ರಿಂದ 15 ಪಟ್ಟು ಮೀರಿ ಬೆಳೆದರೆ ಆ ನೆರೆ ಸುಳ್ಳು. ಎರಡನೆಯ ಷರತ್ತನ್ನು ಬಿಡಬೇಡಿ: ಹೊಸ ಅಂತರ ದತ್ತಾಂಶದ ಪ್ರಮಾಣಿತ ವಿಚಲನೆಯ ಎರಡರಷ್ಟನ್ನು ದಾಟಿದರೂ ಸುಳ್ಳು. ಈ ಷರತ್ತು ಇಲ್ಲದಿದ್ದರೆ ಬಿಳಿ ನಾಯ್ಸ್ ಕೂಡ ಸಣ್ಣ ಆಯಾಮದ ವ್ಯವಸ್ಥೆಯಂತೆ ತೋರುತ್ತದೆ.

ಕೊನೆಗೆ, ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ: ಥೈಲರ್ ವಿಂಡೋ (1986). ನೆರೆಬಿಂದು ಹುಡುಕುವಾಗ ಕಾಲದಲ್ಲಿ ಹತ್ತಿರ ಇರುವವನ್ನು ಹೊರಗಿಡಬೇಕು. ನಿಮಗೆ ಕನಿಷ್ಠ 40 ಸ್ಯಾಂಪಲ್, ಅನುಮಾನವಿದ್ದರೆ 120 ಇಡಿ. 8000ರಲ್ಲಿ 120 ಹೊರಗೆ ಹೋದರೆ ನಷ್ಟ ಏನೂ ಇಲ್ಲ. ಇಡದಿದ್ದರೆ ಪ್ರತಿ ಬಿಂದುವಿನ ನೆರೆ ಅದರದೇ ಹಿಂದಿನ ಅಥವಾ ಮುಂದಿನ ಸ್ಯಾಂಪಲ್. ಅವೆರಡೂ ಒಂದೇ ಪಥದಲ್ಲಿ ಒಂದರ ಹಿಂದೊಂದು ಸಾಗುತ್ತವೆ, ಅಂತರ ಬೆಳೆಯುವುದೇ ಇಲ್ಲ, ಘಾತಾಂಕ ಸೊನ್ನೆಯ ಕಡೆ ವಾಲುತ್ತದೆ. ಸಣ್ಣ ಅಂತರಗಳಲ್ಲಿ ಆಯಾಮವೂ 1ರ ಕಡೆ ಜಾರುತ್ತದೆ, ಯಾಕೆಂದರೆ ನೀವು ಅಳೆಯುತ್ತಿರುವುದು ಅಟ್ರಾಕ್ಟರ್ (ವ್ಯವಸ್ಥೆಯ ಪಥಗಳು ಕೊನೆಗೆ ನೆಲೆಸುವ ಆಕೃತಿ) ಅನ್ನಲ್ಲ, ಒಂದು ಗೆರೆಯನ್ನು.

ಕಂಪನಲಿಪಿ

ಧನ್ಯವಾದ. ಆಟೋಕೋರಿಲೇಶನ್ ಮೊದಲ ಬಾರಿ ಸೊನ್ನೆ ದಾಟುವ ಬಿಂದುವನ್ನು ವಿಳಂಬವಾಗಿ ತೆಗೆದುಕೊಂಡರೆ ಸಾಲದೇ? ಲೆಕ್ಕ ಸುಲಭ.

ನೆರೆಬಿಂದು

ನಿಮ್ಮ ದತ್ತಾಂಶಕ್ಕೆ, ರೋಸ್ಲರ್ ವ್ಯವಸ್ಥೆಯಂತೆ ಒಂದೇ ಕೇಂದ್ರದ ಸುತ್ತ ತಿರುಗುವುದಕ್ಕೆ, ಸಾಕು. ಕಾಲು ಸುತ್ತಿನ ಆಸುಪಾಸು ಸಿಗುತ್ತದೆ. ಲೊರೆಂಟ್ಸ್‌ನಲ್ಲಿ ಮೋಸ ಹೋಗುತ್ತೀರಿ. ಅಲ್ಲಿ ಎಕ್ಸ್ ಎರಡು ರೆಕ್ಕೆಗಳ ನಡುವೆ ನೆಗೆಯುತ್ತದೆ. ಒಂದು ರೆಕ್ಕೆಯಲ್ಲಿ ಎಷ್ಟು ಸುತ್ತು ಉಳಿಯುತ್ತದೆ ಎಂಬುದೇ ಆಟೋಕೋರಿಲೇಶನ್ ಅನ್ನು ಆಳುವುದರಿಂದ ಅದು ನಿಧಾನವಾಗಿ ಇಳಿದು ಬಹಳ ತಡವಾಗಿ ಸೊನ್ನೆ ತಲುಪುತ್ತದೆ. ಮ್ಯೂಚುವಲ್ ಇನ್‌ಫರ್ಮೇಶನ್ ಮಾತ್ರ 0.16ರಿಂದ 0.18 ಕಾಲಮಾನದಲ್ಲೇ ಮೊದಲ ಕನಿಷ್ಠ ತೋರಿಸುತ್ತದೆ. ಎರಡನ್ನೂ ಲೆಕ್ಕ ಹಾಕಿ. ಹತ್ತಿರ ಬಂದರೆ ನಿಶ್ಚಿಂತೆ, ದೂರ ಹೋದರೆ ಕಾರಣ ಹುಡುಕಿ. ಮತ್ತೆ, ಆಯ್ದ ವಿಳಂಬದ ಅರ್ಧಕ್ಕೂ ಒಂದೂವರೆ ಪಟ್ಟಿಗೂ ಇಡೀ ಲೆಕ್ಕ ಮತ್ತೆ ಓಡಿಸಿ. ತೀರ್ಮಾನ ತಲೆಕೆಳಗಾದರೆ ಅದು ತೀರ್ಮಾನವೇ ಅಲ್ಲ.

ಸರಳರೇಖೆ

ಪ್ಯಾಕೇಜ್ ಕೊಡುವ ಒಂದು ಸಂಖ್ಯೆಯನ್ನು ನಂಬಬೇಡಿ, ಅದರ ಹಿಂದಿರುವ ವಕ್ರರೇಖೆಯನ್ನು ಚಿತ್ರಿಸಿ. ನನ್ನ ಮಟ್ಟಿಗೆ ಈ ಇಡೀ ವಿಷಯದ ಜೀವ ಇಲ್ಲಿದೆ.

ರೋಸೆನ್‌ಸ್ಟೈನ್ (1993) ಮತ್ತು ಕಾಂಟ್ಸ್ (1994) ವಿಧಾನಗಳಲ್ಲಿ ಬರುವುದು ಸರಾಸರಿ ಲಾಗ್ ಅಂತರ ಮತ್ತು ಹೆಜ್ಜೆಗಳ ನಡುವಿನ ರೇಖೆ. ನಿಜವಾದ ಕೇಯಾಸ್ ಇದ್ದಾಗ ಅದಕ್ಕೆ ಮೂರು ಭಾಗ: ಮೊದಲು ನೆರೆಬಿಂದುಗಳು ಹಿಗ್ಗುವ ದಿಕ್ಕಿಗೆ ಹೊರಳಿಕೊಳ್ಳುವ ಸಣ್ಣ ಬಾಗು, ಆಮೇಲೆ ನೇರ ಏರು, ಕೊನೆಗೆ ಅಟ್ರಾಕ್ಟರಿನ ಗಾತ್ರ ತಲುಪಿ ಚಪ್ಪಟೆ. ನೇರ ಭಾಗದ ಇಳಿಜಾರು ಮಾತ್ರ ಘಾತಾಂಕ. ಅದು ಎಷ್ಟು ಉದ್ದ ಇರಬಹುದು ಎಂದು ಮೊದಲೇ ಲೆಕ್ಕ ಹಾಕಬಹುದು. ಆರಂಭದ ಅಂತರ ಅಟ್ರಾಕ್ಟರಿನ ಸಾವಿರದಲ್ಲಿ ಒಂದು ಭಾಗ ಎಂದುಕೊಳ್ಳಿ. 1000ದ ಲಾಗ್ 6.9, ಲೊರೆಂಟ್ಸ್‌ಗೆ 0.906ರಿಂದ ಭಾಗಿಸಿದರೆ 7.6 ಕಾಲಮಾನ. ಅದರಾಚೆ ರೇಖೆ ಹೊಂದಿಸಿದರೆ ಚಪ್ಪಟೆ ಭಾಗವೂ ಸೇರಿ ಉತ್ತರ ಕುಗ್ಗುತ್ತದೆ. ದತ್ತಾಂಶ ಕಡಿಮೆಯಾದಷ್ಟೂ ಆರಂಭದ ಅಂತರ ದೊಡ್ಡದು, ನೇರ ಭಾಗ ಗಿಡ್ಡ.

ನಾಯ್ಸ್ ಇದ್ದಾಗ ಚಿತ್ರವೇ ಬೇರೆ: ಮೊದಲ ಒಂದೆರಡು ಹೆಜ್ಜೆಯಲ್ಲಿ ದಿಢೀರ್ ನೆಗೆತ, ಆಮೇಲೆ ಬಾಗಿ ಚಪ್ಪಟೆ, ನಡುವೆ ನೇರ ಭಾಗವೇ ಇಲ್ಲ. ಆಯಾಮ 3ರಿಂದ 8ರವರೆಗೆ ಎಲ್ಲ ರೇಖೆಗಳನ್ನೂ ಒಂದೇ ಚಿತ್ರದಲ್ಲಿ ಹಾಕಿ. ಒಂದಕ್ಕೊಂದು ಸಮಾನಾಂತರವಾಗಿ ಏರಿದರೆ ಮುಂದುವರಿಯಿರಿ. ಆಯಾಮ ಹೆಚ್ಚಿದಂತೆ ಇಳಿಜಾರು ಇಳಿಯುತ್ತಲೇ ಹೋದರೆ ಅಲ್ಲಿ ವರದಿ ಮಾಡಲು ಘಾತಾಂಕವೇ ಇಲ್ಲ.

ಆಯಾಮಕ್ಕೂ ಇದೇ ಮಾತು. 1983ರ ಗ್ರಾಸ್‌ಬರ್ಗರ್–ಪ್ರೊಕಾಚಿಯಾ ಕೋರಿಲೇಶನ್ ಮೊತ್ತವನ್ನು ಲಾಗ್–ಲಾಗ್ ಕಾಗದದಲ್ಲಿ ಹಾಕಿದರೆ ಏನನ್ನು ಹಾಕಿದರೂ ಹೆಚ್ಚುಕಡಿಮೆ ನೇರವಾಗಿಯೇ ಕಾಣುತ್ತದೆ, ಕಣ್ಣಿಗೆ ಮಣ್ಣೆರಚುತ್ತದೆ. ಬದಲಿಗೆ ಪ್ರತಿ ಅಂತರದಲ್ಲೂ ಸ್ಥಳೀಯ ಇಳಿಜಾರು ತೆಗೆದು ಅದನ್ನು ಚಿತ್ರಿಸಿ. ಆಯಾಮ 4, 6, 8, 10ರ ರೇಖೆಗಳು ಒಂದೇ ಎತ್ತರದ ಸಮತಟ್ಟಿನಲ್ಲಿ ಕೂಡಿಕೊಂಡರೆ ಆ ಎತ್ತರವೇ ಆಯಾಮ. ಅಂತರ ನಾಯ್ಸ್ ಮಟ್ಟಕ್ಕೆ ಇಳಿದಾಗ ಇಳಿಜಾರು ಎಂಬೆಡಿಂಗ್ ಆಯಾಮದ ಕಡೆಗೇ ಏರುತ್ತದೆ. ಸಮತಟ್ಟು ಇಲ್ಲದೆ ನಿಮ್ಮ 4.3 ಎಲ್ಲಿಂದ ಬಂತು? ಪ್ಯಾಕೇಜ್ ಯಾವುದೋ ಎರಡು ಅಂತರಗಳ ನಡುವೆ ರೇಖೆ ಎಳೆದು ಕೊಟ್ಟಿದೆ, ಅಷ್ಟೇ.

ಪರೀಕ್ಷೆಗೆ ಹೆನೋನ್ ಬಳಸಿ, ಸುಮಾರು 1.22 ಬರಬೇಕು. ಲೊರೆಂಟ್ಸ್‌ಗೆ 2.05. ಆರ್ = 4ರ ಲಾಜಿಸ್ಟಿಕ್ ಬೇಡ. ಅದರ ಆಯಾಮ 1 ನಿಜ, ಆದರೆ ಬಿಂದುಗಳು 0 ಮತ್ತು 1ರ ತುದಿಗಳಲ್ಲಿ ದಟ್ಟವಾಗಿ ಗುಂಪುಗೂಡುವುದರಿಂದ ಉತ್ತರ ಬಹಳ ನಿಧಾನವಾಗಿ 1ಕ್ಕೆ ಬರುತ್ತದೆ. ಹೊಸಬರು ಕೋಡೇ ತಪ್ಪೆಂದು ತಿಳಿದು ಅದನ್ನು ಕೆಡಿಸಿಕೊಳ್ಳುತ್ತಾರೆ.

ಕವಲುದಾರಿ

ದತ್ತಾಂಶದ ಉದ್ದದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಎಕ್‌ಮನ್ ಮತ್ತು ರುಯೆಲ್ 1992ರಲ್ಲಿ ಕೊಟ್ಟ ಮಿತಿ: ಬಿಂದುಗಳ ಸಂಖ್ಯೆಗೆ 10ರ ಆಧಾರದ ಲಾಗ್ ತೆಗೆದು ಎರಡರಿಂದ ಗುಣಿಸಿದರೆ ಬರುವುದಕ್ಕಿಂತ ದೊಡ್ಡ ಆಯಾಮವನ್ನು ಈ ವಿಧಾನ ಕಾಣಲಾರದು. 1000 ಬಿಂದುವಿಗೆ 6. ನಿಮ್ಮ 8000ಕ್ಕೆ 7.8. 4.3 ಅದರೊಳಗೇ ಇದೆ ಎಂದು ಸಮಾಧಾನಪಡಬೇಡಿ, ಏಕೆಂದರೆ 8 ಸೆಕೆಂಡಿನಲ್ಲಿ ಇರುವುದು 200 ಸುತ್ತು ಮಾತ್ರ. ಒಂದು ಸುತ್ತಿನ 40 ಸ್ಯಾಂಪಲ್‌ಗಳು ಒಂದಕ್ಕೊಂದು ಅಂಟಿಕೊಂಡಿವೆ. 200ನ್ನೇ ಸ್ಥೂಲವಾಗಿ ಸ್ವತಂತ್ರ ಬಿಂದು ಎಂದುಕೊಂಡರೆ ಮಿತಿ 4.6. ನಿಮ್ಮ ಉತ್ತರ ಅದಕ್ಕೆ ತಾಗಿಕೊಂಡೇ ಕೂತಿದೆ. ಹೀಗೆ ಬಂದಾಗ ಆ ಸಂಖ್ಯೆ ಯಂತ್ರದ್ದಲ್ಲ, ದತ್ತಾಂಶದ ಉದ್ದದ್ದು ಎಂದೇ ಮೊದಲು ಶಂಕಿಸಬೇಕು. ಘಾತಾಂಕಕ್ಕೆ ಬೇಕಾದ ಬಿಂದುಗಳು ಆಯಾಮಕ್ಕೆ ಬೇಕಾದುದರ ವರ್ಗದಷ್ಟು ಎಂದೂ ಅದೇ ಪ್ರಬಂಧ ಹೇಳುತ್ತದೆ.

ಈ ತಪ್ಪಿಗೆ ಇತಿಹಾಸವೂ ಇದೆ. 1984ರಲ್ಲಿ ಹವಾಗುಣಕ್ಕೆ 3.1 ಆಯಾಮದ ಅಟ್ರಾಕ್ಟರ್ ಇದೆ ಎಂಬ ಪ್ರಬಂಧ ಬಂತು. ಆಧಾರ ಸಮುದ್ರತಳದ ಆಮ್ಲಜನಕ ಐಸೋಟೋಪ್ ದಾಖಲೆ, ಸುಮಾರು 500 ಬಿಂದು, ಅವೂ ಇಂಟರ್‌ಪೋಲೇಟ್ ಮಾಡಿದವು. 1986ರಲ್ಲಿ ಗ್ರಾಸ್‌ಬರ್ಗರ್ ಅವರೇ, ಈ ವಿಧಾನದ ಜನಕರಲ್ಲಿ ಒಬ್ಬರು, ಅಷ್ಟು ದತ್ತಾಂಶದಿಂದ ಹಾಗೆ ಹೇಳಲಾಗದು ಎಂದು ತೋರಿಸಿದರು. ಇಂಟರ್‌ಪೋಲೇಶನ್ ಹೊಸ ಮಾಹಿತಿ ತರುವುದಿಲ್ಲ. ಬಿಂದುಗಳನ್ನು ನಯವಾಗಿ ಜೋಡಿಸಿ ಆಯಾಮವನ್ನು ಕೃತಕವಾಗಿ ಇಳಿಸುತ್ತದೆ.

ಲೋಲಕ

ಫಿಲ್ಟರ್ ಬಗ್ಗೆ ಯಾರೂ ಬರೆದಿಲ್ಲ. ಬಟರ್‌ವರ್ತ್ ಫಿಲ್ಟರಿನಲ್ಲಿ ಫೀಡ್‌ಬ್ಯಾಕ್ ಇದೆ, ಅಂದರೆ ಅದೇ ಒಂದು ಪ್ರತ್ಯೇಕ ಡೈನಾಮಿಕಲ್ ವ್ಯವಸ್ಥೆ. ಅದರ ಸಮೀಕರಣಗಳು ನಿಮ್ಮ ಯಂತ್ರದ ಸಮೀಕರಣಗಳಿಗೆ ಸೇರಿಕೊಳ್ಳುತ್ತವೆ. ಫಿಲ್ಟರಿನ ಇಳಿಕೆ ನಿಧಾನವಾಗಿದ್ದರೆ ಅಳೆದ ಆಯಾಮ ಏರುತ್ತದೆ, ಇದು 1988ರಿಂದಲೇ ಗೊತ್ತಿರುವ ವಿಷಯ. ಫೀಡ್‌ಬ್ಯಾಕ್ ಇಲ್ಲದ, ಸೀಮಿತ ಉದ್ದದ ಎಫ್‌ಐಆರ್ ಫಿಲ್ಟರ್ ತಾತ್ವಿಕವಾಗಿ ಎಂಬೆಡಿಂಗ್ ಅನ್ನು ಕೆಡಿಸುವುದಿಲ್ಲ.

ಇನ್ನೊಂದು ಕಡೆಯಿಂದಲೂ ಪೆಟ್ಟು ಬೀಳುತ್ತದೆ. ಬರೀ ನಾಯ್ಸ್ ಅನ್ನು ಬ್ಯಾಂಡ್‌ಪಾಸ್‌ನಲ್ಲಿ ಹಾಯಿಸಿದರೆ ನಯವಾದ ತೂಗಾಟ ಹೊರಬರುತ್ತದೆ, ಅದನ್ನು ಎಂಬೆಡ್ ಮಾಡಿದರೆ ಸುಂದರವಾದ ಉಂಗುರದಂಥ ಆಕೃತಿಯೂ ಸಿಗುತ್ತದೆ. ಸ್ಪೆಕ್ಟ್ರಮ್ ಇಳಿಯುವ ನಾಯ್ಸ್‌ಗೂ ಸೀಮಿತ ಕೋರಿಲೇಶನ್ ಆಯಾಮ ಬರುತ್ತದೆ ಎಂದು ಆಸ್‌ಬೋರ್ನ್ ಮತ್ತು ಪ್ರೊವೆನ್ಸಾಲೆ 1989ರಲ್ಲೇ ತೋರಿಸಿದ್ದಾರೆ. ಹಾಗಾಗಿ ಕಚ್ಚಾ ದತ್ತಾಂಶದಿಂದಲೇ ಶುರು ಮಾಡಿ.

ಕಚ್ಚಾ ದತ್ತಾಂಶದಲ್ಲಿ ನೋಡಬೇಕಾದ ಇನ್ನೆರಡು ವಿಷಯ. ಎಡಿಸಿ (ಅನಲಾಗ್ ಸಂಕೇತವನ್ನು ಅಂಕಿಯಾಗಿಸುವ ಭಾಗ) ಎಷ್ಟು ಬಿಟ್? 12 ಬಿಟ್ ಎಂದರೆ 4096 ಮಟ್ಟ, ಆದರೆ ಸಂಕೇತ ಪೂರ್ಣ ವ್ಯಾಪ್ತಿಯ ಹತ್ತನೇ ಒಂದು ಭಾಗ ಮಾತ್ರ ಬಳಸಿದ್ದರೆ ಕೈಗೆ ಸಿಗುವುದು 400 ಮಟ್ಟ. ಒಂದೇ ಮೌಲ್ಯದ ಬಿಂದುಗಳ ನಡುವಿನ ಅಂತರ ಸೊನ್ನೆಯಾಗಿ ಅದರ ಲಾಗ್ ಋಣ ಅನಂತಕ್ಕೆ ಹೋಗುತ್ತದೆ. ಕೆಲವು ಕೋಡ್‌ಗಳು ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತವೆ. ಎರಡನೆಯದು ಸ್ಥಾಯಿತ್ವ, ಅಂದರೆ ಕಾಲದೊಂದಿಗೆ ಗುಣಗಳು ಬದಲಾಗದಿರುವುದು. ದತ್ತಾಂಶವನ್ನು ನಾಲ್ಕು ತುಂಡು ಮಾಡಿ ಸರಾಸರಿ, ವಿಚಲನೆ, ಸ್ಪೆಕ್ಟ್ರಮ್ ಹೋಲಿಸಿ. 1987ರ ಎಕ್‌ಮನ್, ಕಾಮ್‌ಫೋರ್ಸ್ಟ್, ರುಯೆಲ್ ಅವರ ರಿಕರೆನ್ಸ್ ಪ್ಲಾಟ್ (ಯಾವ ಎರಡು ಕ್ಷಣಗಳ ಸ್ಥಿತಿ ಹತ್ತಿರವಿತ್ತೋ ಅಲ್ಲಿ ಚುಕ್ಕೆ ಇಡುವ ಚಿತ್ರ) ಇದಕ್ಕೆ ಹೇಳಿ ಮಾಡಿಸಿದ್ದು: ಮುಖ್ಯ ಕರ್ಣದಿಂದ ದೂರ ಹೋದಂತೆ ಚುಕ್ಕೆಗಳು ಮಸುಕಾದರೆ ವೇಗವೋ ಉಷ್ಣತೆಯೋ ಸರಿಯುತ್ತಿದೆ ಎಂದರ್ಥ. ಹತ್ತಿರ ಎನ್ನುವ ಅಂತರದ ಮಿತಿಯನ್ನು, ಒಟ್ಟು ಚುಕ್ಕೆಗಳ ಪ್ರಮಾಣ 1ರಿಂದ 5 ಶೇಕಡಾ ಬರುವಂತೆ ಇಡಿ.

ಇಬ್ಬನಿ

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಸಿಗುವುದು ಸರೋಗೇಟ್ ಪರೀಕ್ಷೆಯಲ್ಲಿ. 1992ರಲ್ಲಿ ಥೈಲರ್ ಮತ್ತು ಸಂಗಡಿಗರು ತಂದದ್ದು. ದತ್ತಾಂಶದ ಸ್ಪೆಕ್ಟ್ರಮ್ ಹಾಗೇ ಉಳಿಸಿ, ಫೇಸ್‌ಗಳನ್ನು ಮಾತ್ರ ಕಲಸಿ, ನಕಲಿ ಸರಣಿಗಳನ್ನು ಮಾಡುವುದು. ನಕಲಿಗಳಲ್ಲೂ ಅದೇ ಘಾತಾಂಕ ಬಂದರೆ ನಿಮ್ಮ ಘಾತಾಂಕ ಏನನ್ನೂ ಹೇಳುತ್ತಿಲ್ಲ.

ಮೌಲ್ಯಗಳ ಹಂಚಿಕೆಯೂ ಉಳಿಯಬೇಕಾದ್ದರಿಂದ 1996ರ ಶ್ರೈಬರ್–ಶ್ಮಿಟ್ಸ್ ಅವರ ಪುನರಾವರ್ತಿತ ವಿಧಾನ ಬಳಸಿ. ಮೂಲ ಮೌಲ್ಯಗಳನ್ನು ಕಲಸಿ; ಫೂರಿಯೇಗೆ ಹೋಗಿ ಮೂಲದ ಆಂಪ್ಲಿಟ್ಯೂಡ್‌ಗಳನ್ನು ಕೂರಿಸಿ, ಫೇಸ್‌ಗಳನ್ನು ಮುಟ್ಟಬೇಡಿ; ಹಿಂದಿರುಗಿ, ಶ್ರೇಣಿ ಕ್ರಮದಲ್ಲಿ ಮೂಲ ಮೌಲ್ಯಗಳನ್ನು ತುಂಬಿ; ಶ್ರೇಣಿ ಬದಲಾಗುವುದು ನಿಲ್ಲುವವರೆಗೆ ಮತ್ತೆ ಮತ್ತೆ. ಇಲ್ಲಿ ಹೆಚ್ಚಿನವರು ಎಡವುವುದು ತುದಿಗಳಲ್ಲಿ. ಫೂರಿಯೇ ಪರಿವರ್ತನೆ ಸರಣಿಯ ಕೊನೆಯನ್ನು ಮೊದಲಿಗೆ ಜೋಡಿಸಿಕೊಂಡೇ ನೋಡುತ್ತದೆ. ಅಲ್ಲಿ ನೆಗೆತ ಇದ್ದರೆ ಮೂಲದಲ್ಲಿ ಇಲ್ಲದ ಹೈ ಫ್ರೀಕ್ವೆನ್ಸಿ ನಕಲಿಗಳಲ್ಲಿ ಸೇರಿಕೊಂಡು ಪರೀಕ್ಷೆ ಸುಳ್ಳು ಗೆಲುವು ಕೊಡುತ್ತದೆ. ಮೊದಲ ಮತ್ತು ಕೊನೆಯ ಮೌಲ್ಯ, ಅಲ್ಲಿಯ ಇಳಿಜಾರು, ಎರಡೂ ಹೊಂದುವಂತೆ ಆಚೀಚೆ ಕೆಲವು ಸುತ್ತು ಕತ್ತರಿಸಿ.

ಎಷ್ಟು ನಕಲಿ? ಒಂದೇ ಬದಿಯ ಪರೀಕ್ಷೆಗೆ, ಶೇಕಡಾ 95ರ ವಿಶ್ವಾಸಕ್ಕೆ 19. ಎರಡು ಬದಿಗೆ 39. ಹೋಲಿಸುವ ಅಳತೆಯಾಗಿ ಘಾತಾಂಕಕ್ಕಿಂತ ನಾನ್‌ಲೀನಿಯರ್ ಪ್ರೆಡಿಕ್ಷನ್ ದೋಷ ಮೇಲು, ಅದಕ್ಕೆ ಕೈಯಿಂದ ಸರಳರೇಖೆ ಹೊಂದಿಸುವ ಕೆಲಸ ಇಲ್ಲ. ಪ್ರತಿ ಬಿಂದುವಿಗೂ ಹತ್ತಿರದ ನೆರೆಗಳನ್ನು ಹಿಡಿದು, ಅವುಗಳ ಮುಂದಿನ ಮೌಲ್ಯಗಳ ಸರಾಸರಿಯನ್ನೇ ಮುನ್ಸೂಚನೆ ಎಂದುಕೊಂಡು, ದೋಷವನ್ನು ವಿಚಲನೆಯಿಂದ ಭಾಗಿಸಿ. ಮೂಲದ ದೋಷ 19 ನಕಲಿಗಳಿಗಿಂತಲೂ ಕಡಿಮೆ ಇರಬೇಕು. ಜೊತೆಗೆ ಸತತ ವ್ಯತ್ಯಾಸಗಳ ಘನಗಳ ಸರಾಸರಿ, ಕಾಲವನ್ನು ತಿರುಗಿಸಿದರೆ ಚಿಹ್ನೆ ಬದಲಿಸುವ ಅಳತೆ, ಅದಕ್ಕೆ 39 ಬೇಕು. ವಿಳಂಬ, ಆಯಾಮ, ಥೈಲರ್ ವಿಂಡೋ ಎಲ್ಲಕ್ಕೂ ಒಂದೇ ಇರಲಿ. ಮೂಲಕ್ಕೆ ಒಂದು, ನಕಲಿಗೆ ಇನ್ನೊಂದು ಎಂದರೆ ಪರೀಕ್ಷೆ ಮುರಿಯಿತು.

ಗೆದ್ದರೂ ಅದು ಕೇಯಾಸ್ ಎಂಬ ಪ್ರಮಾಣಪತ್ರ ಅಲ್ಲ. ರೇಖೀಯ ಗಾಸಿಯನ್ ಪ್ರಕ್ರಿಯೆ ಎಂಬ ವಿವರಣೆ ಸಾಲದು ಎಂದಷ್ಟೇ ಅರ್ಥ. ನಾಯ್ಸ್ ಬೆರೆತ ಲಿಮಿಟ್ ಸೈಕಲ್ (ಮುಚ್ಚಿದ ಆವರ್ತ ಪಥ) ಇರಬಹುದು, ವೇಗ ಸರಿಯುತ್ತಿರಬಹುದು. ಬಲವಾದ ಆವರ್ತವಿರುವ ನಿಮ್ಮಂಥ ದತ್ತಾಂಶಕ್ಕೆ ಸ್ಮಾಲ್ ಮತ್ತು ಸಂಗಡಿಗರ 2001ರ ಸ್ಯೂಡೋ ಪೀರಿಯಾಡಿಕ್ ಸರೋಗೇಟ್ ಕೂಡ ಓಡಿಸಬೇಕು. ಅದು ಸುತ್ತುವಿಕೆಯನ್ನು ಉಳಿಸಿಕೊಂಡು ಸುತ್ತು ಸುತ್ತಿನ ನಡುವಿನ ನಿಯಮವನ್ನು ಮಾತ್ರ ಅಳಿಸುತ್ತದೆ.

ಹಿಗ್ಗುಕುಗ್ಗು

ಎಲ್ಲರೂ ಇಷ್ಟು ಬಿಗಿ ಹಿಡಿದರೆ ಅಳೆದ ದತ್ತಾಂಶಕ್ಕೆ ಈ ವಿಧಾನಗಳೇ ಬೇಡ ಎಂದಾಗುತ್ತದೆ. ಕೇಯಾಸ್‌ಗೆ 1, ಶಿಸ್ತಿನ ಚಲನೆಗೆ 0 ಎನ್ನುವ ಸೊನ್ನೆ–ಒಂದು ಪರೀಕ್ಷೆ ಇದೆ (ಗಾಟ್‌ವಾಲ್ಡ್–ಮೆಲ್ಬರ್ನ್, 2004), ಎಂಬೆಡಿಂಗೇ ಬೇಡ. ಮೌಲ್ಯಗಳ ಏರಿಳಿತದ ವಿನ್ಯಾಸಗಳನ್ನು ಎಣಿಸುವ ಪರ್ಮ್ಯುಟೇಶನ್ ಎಂಟ್ರೊಪಿ ಇದೆ (ಬ್ಯಾಂಡ್ಟ್–ಪೊಂಪೆ, 2002), ನಾಯ್ಸ್ ತಡೆದುಕೊಳ್ಳುತ್ತದೆ. ಅವನ್ನು ಬಳಸಿ ಮುಗಿಸಬಹುದಲ್ಲ?

ಸರಳರೇಖೆ

ಬಳಸಬಹುದು, ಅವಕ್ಕೂ ಅವುಗಳದೇ ಬಲೆಗಳಿವೆ. ಸೊನ್ನೆ–ಒಂದು ಪರೀಕ್ಷೆಗೆ ದಟ್ಟವಾಗಿ ಸ್ಯಾಂಪಲ್ ಮಾಡಿದ ಸರಣಿ ಕೊಟ್ಟರೆ ಕೇಯಾಸ್‌ಗೂ ಸೊನ್ನೆ ಎನ್ನುತ್ತದೆ. ವಿಳಂಬದಷ್ಟು ಹೆಜ್ಜೆ ಬಿಟ್ಟು ಬಿಟ್ಟು ಬಿಂದು ಆರಿಸಬೇಕು. ಒಳಗಿನ ಫ್ರೀಕ್ವೆನ್ಸಿಗೆ 100 ಯಾದೃಚ್ಛಿಕ ಮೌಲ್ಯ ತೆಗೆದು ಮಧ್ಯಾಂಕ ನೋಡಬೇಕು, ಇಲ್ಲದಿದ್ದರೆ ಅನುರಣನ ಬಿದ್ದ ಒಂದೇ ಮೌಲ್ಯ ಉತ್ತರ ಕೆಡಿಸುತ್ತದೆ. ಬರೀ ನಾಯ್ಸ್‌ಗೂ ಅದು 1 ಎನ್ನುತ್ತದೆ, ಎರಡರ ನಡುವೆ ಭೇದ ಮಾಡುವುದಿಲ್ಲ.

ಪರ್ಮ್ಯುಟೇಶನ್ ಎಂಟ್ರೊಪಿಯಲ್ಲಿ ಕ್ರಮ 6ಕ್ಕೆ 720 ವಿನ್ಯಾಸ, 7ಕ್ಕೆ 5040. 8000 ಬಿಂದುವಿಗೆ 7 ಸಲ್ಲದು, 5 ಅಥವಾ 6 ಸಾಕು. ವಿಳಂಬ 1 ಇಟ್ಟರೆ ನಯವಾದ ಸಂಕೇತದಲ್ಲಿ ಏರು ಮತ್ತು ಇಳಿ ವಿನ್ಯಾಸಗಳೇ ತುಂಬಿ ಎಂಟ್ರೊಪಿ ಸುಳ್ಳಾಗಿ ಇಳಿಯುತ್ತದೆ. ಎಡಿಸಿ ಮಟ್ಟಗಳಿಂದ ಸಮಾನ ಮೌಲ್ಯಗಳಿದ್ದರೆ ಅರ್ಧ ಮಟ್ಟಕ್ಕಿಂತ ಸಣ್ಣ ನಾಯ್ಸ್ ಸೇರಿಸಿ ಜಗಳ ಬಿಡಿಸಬೇಕು.

ಅಳೆದ ದತ್ತಾಂಶಕ್ಕೂ ಈ ವಿಧಾನಗಳು ಬೇಕು ಎಂಬಷ್ಟನ್ನು ಮಾತ್ರ ಒಪ್ಪುತ್ತೇನೆ. ಒಂದೇ ಯಂತ್ರದ ಒಳ್ಳೆಯ ಸ್ಥಿತಿ ಮತ್ತು ಸವೆದ ಸ್ಥಿತಿಯನ್ನು ಒಂದೇ ನಿಯತಾಂಕದಲ್ಲಿ ಹೋಲಿಸಲು ಈ ಸಂಖ್ಯೆಗಳು ನಿಜಕ್ಕೂ ಉಪಯುಕ್ತ. ಅಲ್ಲಿ ಅವನ್ನು ಸೂಚಕ ಎನ್ನಿ, ಕೇಯಾಸ್‌ನ ಪುರಾವೆ ಎನ್ನಬೇಡಿ.

ಕಂಪನಲಿಪಿ

ಕಚ್ಚಾ ದತ್ತಾಂಶದ ಮೇಲೆ ಮತ್ತೆ ಓಡಿಸಿದ ಫಲಿತಾಂಶ. ಮ್ಯೂಚುವಲ್ ಇನ್‌ಫರ್ಮೇಶನ್ ಕನಿಷ್ಠ 8ರಲ್ಲಿ, ಆಟೋಕೋರಿಲೇಶನ್ ಸೊನ್ನೆ 9ರಲ್ಲಿ. ವಿಳಂಬ 8, ಥೈಲರ್ ವಿಂಡೋ 120. ಸುಳ್ಳು ನೆರೆಬಿಂದು ಆಯಾಮ 5ರ ನಂತರವೂ ಶೇಕಡಾ 6ರ ಕೆಳಗೆ ಇಳಿಯುತ್ತಿಲ್ಲ. ಅಂತರದ ರೇಖೆ ಮೊದಲ 3 ಹೆಜ್ಜೆಯಲ್ಲಿ ನೆಗೆದು ಆಮೇಲೆ ಚಪ್ಪಟೆ, ಮೇಲೆ 40 ಸ್ಯಾಂಪಲಿನ ಅಲೆ. ಆಯಾಮದ ಸ್ಥಳೀಯ ಇಳಿಜಾರಿನಲ್ಲಿ ಸಮತಟ್ಟು ಇಲ್ಲ. 19 ಸರೋಗೇಟ್‌ಗಳ ಪ್ರೆಡಿಕ್ಷನ್ ದೋಷದ ಸಾಲಿನಲ್ಲಿ ಮೂಲದ್ದು ಏಳನೆಯದು.

ಇಬ್ಬನಿ

ಏಳನೆಯದು ಎಂದರೆ ಸಾಲಿನ ನಡುವೆ. ರೇಖೀಯ ವಿವರಣೆಯನ್ನು ತಳ್ಳಿಹಾಕಲು ಈ ದತ್ತಾಂಶ ಸಾಲದು. ಕೇಯಾಸ್ ಇಲ್ಲ ಎಂದು ಬರೆಯಬೇಡಿ, ಇದೆ ಎಂದೂ ಬರೆಯಬೇಡಿ. 0.043 ಮತ್ತು 4.3 ಎರಡನ್ನೂ ವರದಿಯಿಂದ ತೆಗೆದುಹಾಕಿ, ಆ ಜಾಗದಲ್ಲಿ ಅಂತರದ ರೇಖೆಯ ಚಿತ್ರ ಮತ್ತು ಸರೋಗೇಟ್ ಸಾಲು ಹಾಕಿ.

ನೆರೆಬಿಂದು

ಮುಂದಿನ ಅಳತೆಗೆ: ಶಾಫ್ಟ್‌ನ ಪ್ರತಿ ಸುತ್ತಿಗೆ ಒಂದು ಪಲ್ಸ್ ಕೊಡುವ ಟ್ಯಾಕೋ ಜೊತೆಗೆ ದಾಖಲಿಸಿ. ಆ ಪಲ್ಸ್ ಬಂದಾಗಿನ ಕಂಪನದ ಮೌಲ್ಯ ಮಾತ್ರ ಆರಿಸಿದರೆ ಅದು ಪ್ವಾಂಕರೆ ಛೇದ. ಸುತ್ತಿಗೊಂದು ಬಿಂದು, ದಟ್ಟ ಸ್ಯಾಂಪಲಿಂಗ್‌ನ ಕಾಟವೇ ಇಲ್ಲ. ಆದರೆ 200 ಬಿಂದು ಯಾವುದಕ್ಕೂ ಸಾಲದು, ವೇಗ ಸ್ಥಿರವಾಗಿಟ್ಟು 5000 ಸುತ್ತು, ಅಂದರೆ 200 ಸೆಕೆಂಡ್ ದಾಖಲಿಸಿ. ಎಡಿಸಿಯ ಗೇನ್ ಏರಿಸಿ, ಸಂಕೇತ ಪೂರ್ಣ ವ್ಯಾಪ್ತಿಯ ಅರ್ಧಕ್ಕಿಂತ ಹೆಚ್ಚು ತುಂಬಲಿ, ಆದರೆ ತುದಿ ಮುಟ್ಟದಿರಲಿ. ಫಿಲ್ಟರ್ ಆಂಟಿ ಏಲಿಯಾಸಿಂಗ್‌ಗೆ (ಹೈ ಫ್ರೀಕ್ವೆನ್ಸಿ ಸ್ಯಾಂಪಲಿಂಗಿನಲ್ಲಿ ಸುಳ್ಳು ಲೋ ಫ್ರೀಕ್ವೆನ್ಸಿಯಾಗಿ ಕಾಣದಂತೆ ತಡೆಯಲು) ಬೇಕಾದಷ್ಟೇ. ಮೊದಲು ಆ 5000 ಬಿಂದುಗಳ ಈಗಿನ–ಮುಂದಿನ ಮೌಲ್ಯದ ಚಿತ್ರ ಹಾಕಿ ನೋಡಿ. ಮೋಡದ ಹಾಗೆ ಕಂಡರೆ ಮತ್ತೆ ಸರೋಗೇಟ್‌ಗೆ, ಗೆರೆಯ ಹಾಗೆ ಕಂಡರೆ ಚಿತ್ರವನ್ನು ಇಲ್ಲಿ ಹಾಕಿ.